ದುಡ್ಡಿನ ವಿಚಾರ ಯಾರನ್ನು ಕೇಳುವುದು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಸಭೆಯಲ್ಲಿ ನೀನೂ ನಾಲ್ಕು ಮಾತು ಆಡಬೇಕು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದಾಗ ನನಗೆ ಮೊದಲು ಹೊಳೆದದ್ದು ಹಸಿರು ಮೇವಿನ ವಿಷಯ. ಆದರೆ ಅದನ್ನು ಹೇಳಲು ಡಾಕ್ಟರೇ ಬಂದು ಕುಳಿತಿದ್ದಾರೆ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಾನು ಅವರ ಎದುರು ಮೇವಿನ ಪಾಠ ಮಾಡುವುದು ಚೆನ್ನಾಗಿರುವುದಿಲ್ಲ. ಆದ್ದರಿಂದ ದಿನಾಲೂ ನಮ್ಮ ಡೈರಿ ಮುಂದೆ ಗುಸುಗುಸು ನಡೆಯುವ, ಆದರೆ ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಸಭೆಯಲ್ಲಿ ಬಾಯಿಬಿಟ್ಟು ಆಡದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ದುಡ್ಡಿನ ವಿಷಯ. ದುಡ್ಡು ಸಂಪಾದಿಸುವುದು ಹೇಗೆ ಎಂಬುದಲ್ಲ. ಅದು ಗೊತ್ತಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ. ಇದ್ದ ನಾಲ್ಕು ಕಾಸನ್ನು ಎಲ್ಲಿಡಬೇಕು, ಸಾಲ ಎಲ್ಲಿ ತರಬೇಕು, ಯಾವ ಕಾಗದಕ್ಕೆ ಸಹಿ ಮಾಡಬೇಕು ಎನ್ನುವಾಗ ನಾವು ಯಾರನ್ನು ಕೇಳುತ್ತೇವೆ, ಹೇಗೆ ಕೇಳುತ್ತೇವೆ ಎಂಬ ವಿಷಯ.

ಸಂಘ ಶುರುವಾದಾಗ ಈ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಬಟವಾಡೆ ದಿನ ಕಾರ್ಯದರ್ಶಿಗಳು ನೋಟು ಎಣಿಸಿ ಕೈಗೆ ಕೊಡುತ್ತಿದ್ದರು. ಅಲ್ಲಿಂದ ನೇರ ಅಂಗಡಿ ಬಾಕಿ, ಹಿಂಡಿ ಬೂಸಾ ಬಾಕಿ, ಮಕ್ಕಳ ಫೀಸು. ಮನೆ ಸೇರುವ ಹೊತ್ತಿಗೆ ಉಳಿದದ್ದು ಎಲೆ ಅಡಿಕೆಗೆ ಆಗುವಷ್ಟು. ಉಳಿಯದ ದುಡ್ಡಿಗೆ ಸಲಹೆ ಯಾಕೆ ಬೇಕು? ಈಗ ಹಾಗಲ್ಲ. ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ ಬೀಳುತ್ತದೆ. ಖಾತೆಯಲ್ಲಿ ನಾಲ್ಕು ಕಾಸು ನಿಂತಿದೆ ಎಂದು ಗೊತ್ತಾದರೆ ಸಾಕು, ಪಾಲಿಸಿಯವರು, ಚೀಟಿಯವರು, ಸಾಲ ಕೊಡುವವರು, ಫೋನಿನಲ್ಲಿ ಕನ್ನಡ ಕಲಿತು ಮಾತಾಡುವ ಅಪರಿಚಿತರು, ಎಲ್ಲರೂ ಮನೆ ಬಾಗಿಲಿಗೆ ಬರುತ್ತಾರೆ.

ಬಂಧುಗಳೆ, ನಾವು ರೈತರು ಕೇಳಿ ತಿಳಿಯಲು ಬಾರದವರೇನೂ ಅಲ್ಲ. ಒಂದು ಸೀಮೆಹಸು ತರಬೇಕಾದರೆ ನಾವು ಮಾಡುವ ವಿಚಾರಣೆ ಪೊಲೀಸರೂ ಮಾಡುವುದಿಲ್ಲ. ಎಷ್ಟನೇ ಸೂಲು ಎಂದು ಕೇಳುತ್ತೇವೆ, ಅವನು ಹೇಳಿದ್ದನ್ನು ನಂಬದೆ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಕೆಚ್ಚಲು ಮುಟ್ಟಿ ನೋಡುತ್ತೇವೆ, ಸುಳಿ ನೋಡುತ್ತೇವೆ, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತೇವೆ. ಸಾಯಂಕಾಲ ಒಂದು ಸಲ ಕರೆದು, ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಇನ್ನೊಂದು ಸಲ ಕರೆದು ನೋಡಿ ಆಮೇಲೆ ಮುಂಗಡ ಕೊಡುತ್ತೇವೆ. ಮಾರುವವನು ಯಾಕೆ ಮಾರುತ್ತಿದ್ದಾನೆ ಎಂದು ಪಕ್ಕದ ಮನೆಯವರನ್ನು ಬೇರೆಯಾಗಿ ಕೇಳುತ್ತೇವೆ. ಕೊಬ್ಬರಿ ಮಾರುವಾಗಲೂ ಅಷ್ಟೆ. ತಿಪಟೂರಿನ ಹರಾಜಿನ ದಿನ ನಾಲ್ಕು ಮಂಡಿಗೆ ಫೋನ್ ಮಾಡದೆ ಒಂದು ಚೀಲ ಗಾಡಿಗೆ ಏರಿಸುವುದಿಲ್ಲ.

ಅದೇ ನಾವು, ಒಂದು ಹಸುವಿನ ಬೆಲೆಯಷ್ಟು ದುಡ್ಡನ್ನು ಯಾವುದೋ ಕಂಪನಿಗೆ ಕೊಡುವಾಗ ಏನು ಕೇಳುತ್ತೇವೆ? "ನೀನೂ ಹಾಕಿದ್ದೀಯಾ?" ಅಷ್ಟೆ. ಇದನ್ನು ನಾನು ಬೇರೆಯವರನ್ನು ಹಂಗಿಸಲು ಹೇಳುತ್ತಿಲ್ಲ. ನನ್ನ ಮನೆಯ ಕಥೆಯನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಸುಮಾರು 2011-12ರಲ್ಲಿ ನಾನು ಮೊದಲ ಸಲ ಈ ಸಂಘಕ್ಕೆ ನಿರ್ದೇಶಕನಾಗಿದ್ದೆ. ನನ್ನ ಜೊತೆ ಹೈಸ್ಕೂಲಿಗೆ ಬರುತ್ತಿದ್ದ ಒಬ್ಬ ಸ್ನೇಹಿತ ಒಂದು ಖಾಸಗಿ ಕಂಪನಿಯ ಏಜೆಂಟನಾಗಿ ಬಂದ. ತಿಂಗಳಿಗೆ ಇಷ್ಟು ಎಂದು ಕಟ್ಟಬಹುದು, ಇಲ್ಲವೇ ಒಂದೇ ಸಲ ಕಟ್ಟಬಹುದು, ಒಂದೇ ಸಲ ಕಟ್ಟಿದರೆ ಮೂರು ವರ್ಷಕ್ಕೆ ಡಬಲ್ ಎಂದ. ಟೌನಿನಲ್ಲಿ ಆಫೀಸು ತೋರಿಸಿದ. ಗಾಜಿನ ಬಾಗಿಲು, ಒಳಗೆ ತಣ್ಣಗೆ ಗಾಳಿ, ಟೈ ಕಟ್ಟಿದ ಹುಡುಗರು ಕಾಫಿ ಕೊಟ್ಟರು. ಕಾಫಿ ಕುಡಿದ ಮೇಲೆ ಪ್ರಶ್ನೆ ಕೇಳುವುದು ಹೇಗೆ? ನಾನು ತಿಂಗಳಿಗೆ 500 ರೂಪಾಯಿಯಂತೆ ಕಟ್ಟಲು ಒಪ್ಪಿದೆ. ಚೆಂದದ ಪಾಸ್‌ಬುಕ್ ಕೊಟ್ಟರು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ಓದಲಿಲ್ಲ. ಓದಿಸಲೂ ಇಲ್ಲ.

ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯೆ, ನನಗೆ ವರಸೆಯಲ್ಲಿ ಚಿಕ್ಕವ್ವ ಆಗಬೇಕು. ಯಜಮಾನರು ತೀರಿಕೊಂಡ ಮೇಲೆ ಮೇವು ಹೊಂಚಲಾಗದೆ ಎರಡು ಹಸು ಮಾರಿದ್ದರು. ಅದಕ್ಕೆ ಹುಣಸೆ ಮರದ ಗುತ್ತಿಗೆ ದುಡ್ಡೂ ಸೇರಿ 60 ಸಾವಿರ ಕೈಯಲ್ಲಿತ್ತು. ಮಗಳ ಮದುವೆಗೆ ಇಟ್ಟುಕೊಂಡಿದ್ದ ದುಡ್ಡು. ಒಂದು ಸಾಯಂಕಾಲ ಹಾಲು ಹಾಕಿ ಹೊರಗೆ ಬಂದವರು ಕಂಬದ ಪಕ್ಕ ನಿಂತು ನನ್ನನ್ನು ಕರೆದರು.

"ಏನಪ್ಪ, ಆ ಕಂಪ್ನಿಗೆ ನೀನೂ ಕಟ್ಟಿದ್ದೀಯಂತೆ. ನಾನೂ ಹಾಕ್ಬುಡ್ಲಾ?"

"ಹಾಕು ಚಿಕ್ಕವ್ವ, ನಾನೂ ಹಾಕಿವ್ನಲ್ಲ, ಏನೂ ಆಗಾಕಿಲ್ಲ."

ಇಷ್ಟೇ ಮಾತು. ಒಂದು ನಿಮಿಷವೂ ಆಗಲಿಲ್ಲ. ಒಂದು ಕ್ಯಾನಿನ ಡಿಗ್ರಿ ನೋಡಿ ಫ್ಯಾಟ್ ಬರೆದುಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಮುಂದೆ ಏನಾಯಿತೆಂದು ತಮಗೆ ಊಹಿಸಲು ಕಷ್ಟವಿಲ್ಲ. ಎರಡು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ಗಾಜಿನ ಬಾಗಿಲಿಗೆ ಬೀಗ ಬಿತ್ತು. ನಾನು 28 ಕಂತು ಕಟ್ಟಿದ್ದೆ, 14 ಸಾವಿರ ಹೋಯಿತು. ಚಿಕ್ಕವ್ವನ 60 ಸಾವಿರ ಹೋಯಿತು. ನನ್ನ ಸ್ನೇಹಿತನೂ ಸ್ವಂತ ದುಡ್ಡು ಕಳೆದುಕೊಂಡು ಊರವರ ಮುಖ ನೋಡಲಾರದೆ ಬೆಂಗಳೂರು ಸೇರಿದ. ಅವನನ್ನು ಕಳ್ಳ ಎಂದು ನಾನು ಇವತ್ತಿಗೂ ಹೇಳುವುದಿಲ್ಲ, ಅವನಿಗೂ ಗೊತ್ತಿರಲಿಲ್ಲ. ನಾವೆಲ್ಲ ಸೇರಿ ಅರ್ಜಿ ಕೊಟ್ಟೆವು. ಅರ್ಜಿ ಕೊಟ್ಟ ರಶೀದಿ ನನ್ನ ಪೆಟ್ಟಿಗೆಯಲ್ಲಿ ಹಾಗೇ ಇದೆ.

ಆಮೇಲೆ ತಿಳಿದದ್ದು ಇನ್ನೊಂದಿದೆ. "ಡೈರಿ ಡೈರೆಕ್ಟ್ರೇ ಕಟ್ಟವ್ರೆ" ಎಂದು ನನ್ನ ಹೆಸರು ಹೇಳಿ ಊರಿನಲ್ಲಿ ಇನ್ನೂ ಎಂಟು ಮನೆಯಲ್ಲಿ ದುಡ್ಡು ಎತ್ತಿದ್ದರು. ನಾನು ಯಾರಿಗೂ ಹಾಕಿ ಎಂದು ಹೇಳಿರಲಿಲ್ಲ, ಚಿಕ್ಕವ್ವನೊಬ್ಬರಿಗೆ ಬಿಟ್ಟು. ಆದರೆ ತಾವು ನನಗೆ ಓಟು ಕೊಟ್ಟು ಈ ಕುರ್ಚಿಯ ಮೇಲೆ ಕೂರಿಸಿದ್ದೀರಲ್ಲ, ಆ ನಂಬಿಕೆಯನ್ನೇ ಅಡವಿಟ್ಟು ಯಾರೋ ಸಾಲ ಎತ್ತಿದ ಹಾಗಾಯಿತು. ಚಿಕ್ಕವ್ವ ಮಾತ್ರ ನನ್ನನ್ನು ಒಂದು ಮಾತು ಬಯ್ಯಲಿಲ್ಲ. "ನಿನ್ನ ದುಡ್ಡೂ ಹೋಯ್ತಲ್ಲಪ್ಪ" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು. ಈ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳಪ್ಪ, ನನ್ನ ಹೆಸ್ರು ಎತ್ತಬ್ಯಾಡ" ಎಂದಿದ್ದಾರೆ.

ಈ ಹದಿಮೂರು ವರ್ಷದಲ್ಲಿ ನಾನು ಈ ವಿಷಯವನ್ನು ಬಹಳ ಸಲ ತಿರುವಿ ಹಾಕಿದ್ದೇನೆ. ನನಗೆ ಕಂಡದ್ದು ಇಷ್ಟು. ಅವರು ಕೇಳಿದ ಪ್ರಶ್ನೆಯೇ ಬೇರೆ, ಬೇಕಾಗಿದ್ದ ಉತ್ತರವೇ ಬೇರೆ. "ನೀನು ಹಾಕಿದ್ದೀಯಾ" ಎಂದರೆ ನಾನು ಹಾಕಿದ್ದೇನೆ ಎಂದು ತಿಳಿಯುತ್ತದೆಯೇ ಹೊರತು ದುಡ್ಡು ವಾಪಸ್ ಬರುತ್ತದೆ ಎಂದು ತಿಳಿಯುವುದಿಲ್ಲ. ಒಬ್ಬರು ಬಿದ್ದ ಹಳ್ಳಕ್ಕೆ ಇಬ್ಬರು ಬಿದ್ದರೆ ಹಳ್ಳ ಮುಚ್ಚಿಹೋಗುವುದಿಲ್ಲ. ಇನ್ನು ನಾನು ಕೊಡಬೇಕಾಗಿದ್ದ ಸರಿಯಾದ ಉತ್ತರ, "ಚಿಕ್ಕವ್ವ, ನನಗೆ ಗೊತ್ತಿಲ್ಲ." ಅದನ್ನು ಹೇಳಲು ನನಗೆ ನಾಚಿಕೆಯಾಯಿತು. ಹೊಸದಾಗಿ ಡೈರೆಕ್ಟರ್ ಆದವನು ಗೊತ್ತಿಲ್ಲ ಎಂದರೆ ಹೇಗೆ ಎಂಬ ಜಂಬ.

ನಮ್ಮಲ್ಲಿ ಕೇಳುವ ಪದ್ಧತಿಯೇ ಹಾಗಿದೆ. ಬಲ್ಲವರನ್ನು ಕೇಳುವುದಿಲ್ಲ, ಬೇಕಾದವರನ್ನು ಕೇಳುತ್ತೇವೆ. ಭಾವಮೈದ ಹೇಳಿದ, ಬೀಗರು ಹೇಳಿದರು. ಬೀಗರು ಹೇಳಿದ್ದನ್ನು ತೆಗೆದುಹಾಕಿದರೆ ಮಗಳ ಸಂಸಾರಕ್ಕೆ ತೊಂದರೆ ಎಂದು ಪಾಲಿಸಿ ಮಾಡಿಸಿದವರು ಈ ಸಭೆಯಲ್ಲಿ ಇಬ್ಬರಿದ್ದಾರೆ, ನಗುತ್ತಿದ್ದಾರೆ. ಇನ್ನು ಕೆಲವರು ದುಡ್ಡು ಕಟ್ಟಿ ಬಂದ ಮೇಲೆ ಕಾಗದ ತಂದು "ಇದು ಒಳ್ಳೇದಾ ನೋಡು" ಎನ್ನುತ್ತಾರೆ. ತಾಳಿ ಕಟ್ಟಿದ ಮೇಲೆ ಗಂಡು ಹೇಗೆ ಎಂದು ವಿಚಾರಿಸಿದ ಹಾಗೆ. ಅವರಿಗೆ ಬೇಕಾಗಿರುವುದು ಸಲಹೆಯಲ್ಲ, ಹೂಂ ಎನ್ನುವ ಒಂದು ತಲೆ.

ಗಂಡಸರ ವಿಷಯದಲ್ಲಿ ಇನ್ನೊಂದು ಕಾರಣವಿದೆ. ದುಡ್ಡಿನ ವಿಷಯ ನಮಗೆ ಗುಟ್ಟು. ಇದೆ ಎಂದು ಗೊತ್ತಾದರೆ ಕೈಸಾಲ ಕೇಳುತ್ತಾರೆ, ಇಲ್ಲ ಎಂದು ಗೊತ್ತಾದರೆ ಹೆಣ್ಣು ಕೊಡುವುದಿಲ್ಲ. ಹೀಗಾಗಿ ನಾಲ್ಕು ಜನರ ಎದುರು ಕೇಳುವಂತಿಲ್ಲ. ಕಂಬದ ಪಕ್ಕ ಒಬ್ಬನನ್ನೇ ಕೇಳಬೇಕು. ಆ ಒಬ್ಬನಿಗೆ ಗೊತ್ತಿಲ್ಲದಿದ್ದರೆ ಮುಗಿಯಿತು. ಹೆಂಡತಿಗೂ ಹೇಳಿರುವುದಿಲ್ಲ. ಈ ವಿಷಯದಲ್ಲಿ ಹೆಣ್ಣುಮಕ್ಕಳು ನಮಗಿಂತ ಮುಂದೆ ಹೋಗಿದ್ದಾರೆ. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ಸಂಘದ ಸಭೆಯಲ್ಲಿ ಚಾಪೆ ಹಾಸಿ ಕುಳಿತು ಯಾರಿಗೆ ಎಷ್ಟು ಸಾಲ, ಯಾರದು ಎಷ್ಟು ಬಾಕಿ ಎಂದು ಎಲ್ಲರೆದುರು ಬಾಯಿಬಿಟ್ಟು ಓದುತ್ತಾರೆ. ಒಬ್ಬರು ತಪ್ಪು ಲೆಕ್ಕ ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಅದರಲ್ಲಿ ನಾಚಿಕೆಯೇನೂ ಕಾಣಲಿಲ್ಲ ನನಗೆ.

ಹಾಗೆ ನೋಡಿದರೆ ಸಹಕಾರವೆಂಬುದು ಹುಟ್ಟಿದ್ದೇ ಇದಕ್ಕೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು ಎಂದು ಪ್ರತಿ ವರ್ಷ ಸಹಕಾರ ಸಪ್ತಾಹದಲ್ಲಿ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಸಾಹುಕಾರನ ಮನೆಯ ಜಗಲಿಯಲ್ಲಿ ಒಬ್ಬೊಬ್ಬನೇ ಹೋಗಿ ಪಿಸುಮಾತಿನಲ್ಲಿ ಕೇಳುತ್ತಿದ್ದ ಸಾಲವನ್ನು ಊರವರು ಒಟ್ಟಿಗೆ ಕುಳಿತು ಪುಸ್ತಕದಲ್ಲಿ ಬರೆದು ಕೊಡುವುದು, ಅದೇ ತಾನೆ ಅಲ್ಲಿ ಆದದ್ದು?

ಈಗ ಏನು ಕೇಳಬೇಕು ಎಂಬುದಕ್ಕೆ ಬರುತ್ತೇನೆ. ನಾನು ಪಂಡಿತನಲ್ಲ. ಏಟು ತಿಂದ ಮೇಲೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರ ಹತ್ತಿರ ಕುಳಿತು ಕಲಿತದ್ದನ್ನು ಹೇಳುತ್ತೇನೆ.

ಡಬಲ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ 72 ಎಂಬ ಅಂಕಿ ನೆನಪಿಗೆ ಬರಬೇಕು. 72ನ್ನು ಎಷ್ಟು ವರ್ಷಕ್ಕೆ ಡಬಲ್ ಎನ್ನುತ್ತಾರೋ ಅದರಿಂದ ಭಾಗಿಸಿ. ಬಂದದ್ದು ವರ್ಷಕ್ಕೆ ನೂರಕ್ಕೆ ಎಷ್ಟು ಬಡ್ಡಿ ಎಂಬುದು, ಹೆಚ್ಚು ಕಡಿಮೆ ಸರಿಯಿರುತ್ತದೆ. ಪೋಸ್ಟಾಫೀಸಿನ ಕಿಸಾನ್ ವಿಕಾಸ ಪತ್ರ 1988ರಲ್ಲಿ ಬಂದಾಗ ಐದೂವರೆ ವರ್ಷಕ್ಕೆ ಡಬಲ್ ಆಗುತ್ತಿತ್ತು, ಅಂದರೆ ನೂರಕ್ಕೆ 13ರ ಲೆಕ್ಕ. ನಮ್ಮ ತಂದೆಯವರು ತೆಗೆದುಕೊಂಡಿದ್ದು ನೆನಪಿದೆ. 2011ರಲ್ಲಿ ಅದನ್ನು ನಿಲ್ಲಿಸಿ 2014ರಲ್ಲಿ ಮತ್ತೆ ತಂದರು. 2023ರ ಏಪ್ರಿಲ್‌ನಲ್ಲಿ ಬಡ್ಡಿ ನೂರಕ್ಕೆ ಏಳೂವರೆ ಎಂದು ಮಾಡಿದಾಗ ಡಬಲ್ ಆಗಲು 115 ತಿಂಗಳು ಎಂದು ಪ್ರಕಟಿಸಿದರು. 72ನ್ನು ಏಳೂವರೆಯಿಂದ ಭಾಗಿಸಿ ನೋಡಿ, ಒಂಬತ್ತೂವರೆ ವರ್ಷದ ಮೇಲೆ ಸ್ವಲ್ಪ ಬರುತ್ತದೆ. ಸರ್ಕಾರಕ್ಕೇ ಅಷ್ಟು ಕಾಲ ಬೇಕಾದರೆ ಮೂರು ವರ್ಷಕ್ಕೆ ಡಬಲ್ ಕೊಡುತ್ತೇನೆ ಎಂದವನು ನೂರಕ್ಕೆ 24 ಕೊಡಬೇಕು. ಅವನ ಆಫೀಸಿನ ಬಾಡಿಗೆ, ಏಜೆಂಟನ ಕಮಿಷನ್, ನಮಗೆ ಕೊಟ್ಟ ಕಾಫಿ ಎಲ್ಲ ಕಳೆದು 24 ಕೊಡಬೇಕಾದರೆ ಅವನು ಏನು ಬೆಳೆಯುತ್ತಾನೆ, ಎಲ್ಲಿ ಬೆಳೆಯುತ್ತಾನೆ? ಈ ಪ್ರಶ್ನೆಯನ್ನು ಅಂದು ನಾನು ಕೇಳಲಿಲ್ಲ. ಹಸು ಹದಿನೈದು ಲೀಟರ್ ಕರೆಯುತ್ತದೆ ಎಂದರೆ ಏನು ಮೇವು ಹಾಕುತ್ತೀಯ ಎಂದು ಕೇಳುವ ನಾನು!

ಎರಡನೆಯದಾಗಿ, ಠೇವಣಿ ತೆಗೆದುಕೊಳ್ಳಲು ಯಾರ ಅಪ್ಪಣೆ ಇದೆ ಎಂದು ಕೇಳಿ, ಕಾಗದ ತೋರಿಸಲು ಹೇಳಿ. ಅಪ್ಪಣೆಯಿಲ್ಲದೆ ಜನರಿಂದ ಠೇವಣಿ ಎತ್ತುವ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರಿಂದಲೇ ಒಂದು ಕಾಯ್ದೆಯಿದೆ. ಚೀಟಿ ನಡೆಸುವವರಿಗೂ 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಕಾಯ್ದೆ ಇದ್ದ ಮಾತ್ರಕ್ಕೆ ಹೋದ ದುಡ್ಡು ಬೇಗ ಬರುತ್ತದೆ ಎಂದು ನನ್ನ ರಶೀದಿ ನೋಡಿದವರು ಯಾರೂ ಹೇಳಲಾರರು. ಕೊಡುವ ಮುಂಚೆ ಕೇಳುವುದೇ ಲೇಸು.

ಬ್ಯಾಂಕಿನ ಠೇವಣಿಯ ವಿಷಯ ಒಂದನ್ನು ಸಹಕಾರಿಯಾಗಿ ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳಬೇಕು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಆ ಬ್ಯಾಂಕಿನ ಎಲ್ಲ ಶಾಖೆಯ ಖಾತೆಗಳೂ ಸೇರಿ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯಿದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಲ್ಲಿ, ಸೌಹಾರ್ದ ಸಂಘಗಳಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಅವು ಕೆಟ್ಟವು ಎಂದು ಇದರ ಅರ್ಥವಲ್ಲ. ಅಲ್ಲಿ ನಿಮ್ಮ ದುಡ್ಡಿಗೆ ಕಾವಲು ನೀವೇ. ವರ್ಷಕ್ಕೊಮ್ಮೆ ಮಹಾಸಭೆಗೆ ಹೋಗಿ ಊಟ ಮಾಡಿ ಬರುವ ಬದಲು ಆಡಿಟ್ ವರದಿಯಲ್ಲಿ ಯಾವ ವರ್ಗ ಕೊಟ್ಟಿದ್ದಾರೆ, ಸುಸ್ತಿ ಸಾಲ ಎಷ್ಟಿದೆ ಎಂದು ಎದ್ದು ನಿಂತು ಕೇಳಬೇಕು. ನಮ್ಮ ಸಂಘದ ಸಭೆಯಲ್ಲೂ ಕೇಳಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಕಾರ್ಯದರ್ಶಿಗಳು ಸ್ವಲ್ಪ ಮಾಡಿಕೊಳ್ಳಬಹುದು.

ಸಲಹೆ ಹೇಳುವವನಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳುವುದನ್ನು ನಾವು ಕಲಿಯಬೇಕು. ಕಮಿಷನ್ ತೆಗೆದುಕೊಳ್ಳುವುದು ತಪ್ಪಲ್ಲ, ದನದ ಸಂತೆಯಲ್ಲಿ ದಲ್ಲಾಳಿ ಇಲ್ಲವೇ? ಆದರೆ ಅಲ್ಲಿ ಅವನು ದಲ್ಲಾಳಿ ಎಂದು ನಮಗೆ ಗೊತ್ತಿರುತ್ತದೆ, ಟವಲಿನ ಕೆಳಗೆ ಕೈ ಹಿಡಿಯುವಾಗ ಎಚ್ಚರ ಇರುತ್ತದೆ. ಇಲ್ಲಿ ಅವನು ಅಳಿಯನ ರೂಪದಲ್ಲಿ ಬಂದಿರುತ್ತಾನೆ. ಒಬ್ಬ ಸದಸ್ಯರು ಒಂದು ಪಾಲಿಸಿ ಕಾಗದ ತಂದಿದ್ದರು. ವರ್ಷಕ್ಕೆ 20 ಸಾವಿರದಂತೆ 20 ವರ್ಷ ಕಟ್ಟಿದರೆ ಕೊನೆಗೆ ಸುಮಾರು 7 ಲಕ್ಷ ಬರುತ್ತದೆ ಎಂದು ಬರೆದಿತ್ತು. 4 ಲಕ್ಷ ಕಟ್ಟಿ 7 ಲಕ್ಷ ಎಂದರೆ ಯಾರಿಗೆ ಬೇಡ? ನಮ್ಮ ಬ್ಯಾಂಕಿನ ಹಿರಿಯರು ಲೆಕ್ಕ ಹಾಕಿದರು. ವರ್ಷಕ್ಕೆ ನೂರಕ್ಕೆ 5ರ ಹತ್ತಿರ ಬಿತ್ತು. ವಿಮೆ ಬೇಕೇ ಬೇಕು, ಮನೆಯ ದುಡಿಯುವವನು ಹೋದರೆ ಸಂಸಾರ ಏನಾಗಬೇಕು? ಆದರೆ ಎಷ್ಟು ಭಾಗ ವಿಮೆಗೆ, ಎಷ್ಟು ಭಾಗ ಉಳಿತಾಯಕ್ಕೆ, ನಡುವೆ ನಿಲ್ಲಿಸಿದರೆ ಎಷ್ಟು ಕೈಗೆ ಬರುತ್ತದೆ ಎಂದು ಮೊದಲೇ ಕೇಳಬೇಕು. ಪಾಲಿಸಿ ಕಾಗದ ಕೈಗೆ ಬಂದ 30 ದಿನದೊಳಗೆ ಓದಿ ಬೇಡವೆನಿಸಿದರೆ ವಾಪಸ್ ಕೊಡಬಹುದು ಎಂದು 2024ರ ನಿಯಮದಲ್ಲಿದೆ. ಸ್ವಲ್ಪ ಖರ್ಚು ಮುರಿದುಕೊಂಡು ದುಡ್ಡು ಹಿಂದಿರುಗಿಸುತ್ತಾರೆ. ಆ 30 ದಿನ ನಮ್ಮ ಕಾಗದ ದೇವರ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿರುತ್ತದೆ.

ವಿಮೆಯ ಮಾತು ಬಂದದ್ದರಿಂದ ಒಂದು ಸಂತೋಷದ, ಸಂತೋಷ ಎನ್ನಲೂ ಆಗದ, ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು ತುಂಬಿರಲಿಲ್ಲ. ಪಿ.ಯು.ಸಿ. ಓದುತ್ತಿದ್ದ ಅವರ ಮಗಳು ಪಾಸ್‌ಬುಕ್ ತಿರುವಿ ಹಾಕುತ್ತ "ಇಲ್ಲಿ 330 ರೂಪಾಯಿ ಯಾಕೆ ಕಡಿತ ಆಗಿದೆ?" ಎಂದು ಬ್ಯಾಂಕಿನಲ್ಲಿ ಕೇಳಿದಳು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಖಾತೆ ತೆರೆಯುವಾಗ ಯಾವುದೋ ಫಾರಂಗೆ ಸಹಿ ಮಾಡಿದ್ದರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಅವರಿಗೂ ಮರೆತಿತ್ತೋ ಏನೋ. ಆ ಹುಡುಗಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಆ ಮನೆಗೆ 2 ಲಕ್ಷ ಬಂತು. 2022ರ ಜೂನ್‌ನಿಂದ ಆ ಕಂತನ್ನು 436 ರೂಪಾಯಿ ಮಾಡಿದರು, ಅಪಘಾತ ವಿಮೆಯ 12 ರೂಪಾಯಿಯನ್ನು 20 ಮಾಡಿದರು. ಇವತ್ತು ಮನೆಗೆ ಹೋದ ಮೇಲೆ ಪಾಸ್‌ಬುಕ್ ತೆಗೆದು ಈ ಅಂಕಿಗಳು ಇವೆಯೇ ನೋಡಿ, ಇದ್ದರೆ ಹೆಂಡತಿ ಮಕ್ಕಳಿಗೆ ಹೇಳಿ. ನಾಮಿನಿ ಯಾರು ಎಂದೂ ನೋಡಿ. ತೀರಿಹೋದ ತಾಯಿಯ ಹೆಸರೇ ಇನ್ನೂ ನಾಮಿನಿಯಾಗಿ ಉಳಿದಿರುವ ಖಾತೆಗಳು ನಮ್ಮೂರಿನಲ್ಲೇ ಇವೆ.

ಸಾಲದ ವಿಷಯ ಚುಟುಕಾಗಿ ಹೇಳುತ್ತೇನೆ, ಊಟಕ್ಕೆ ಹೊತ್ತಾಗುತ್ತಿದೆ. ನಾವು ಕಂತು ಎಷ್ಟು ಎಂದು ಕೇಳುತ್ತೇವೆ, ಒಟ್ಟು ಎಷ್ಟು ಕಟ್ಟಬೇಕು ಎಂದು ಕೇಳುವುದಿಲ್ಲ. ಮೂರು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಸಣ್ಣದು, ವರ್ಷಕ್ಕೆ ನೂರಕ್ಕೆ 36. ಗಾಡಿ ಸಾಲದವರು ನೂರಕ್ಕೆ 12 ಫ್ಲಾಟ್ ರೇಟ್ ಎನ್ನುತ್ತಾರೆ. 1 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 36 ಸಾವಿರ ಮೊದಲೇ ಸೇರಿಸಿ ತಿಂಗಳಿಗೆ 3,778ರ ಕಂತು ಮಾಡುತ್ತಾರೆ. ಆದರೆ ನಾವು ತಿಂಗಳು ತಿಂಗಳು ಅಸಲು ತೀರಿಸುತ್ತ ಬರುತ್ತೇವಲ್ಲ, ಕೊನೆಯ ತಿಂಗಳಿನಲ್ಲೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ ಕೊಡುತ್ತಿರುತ್ತೇವೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು 21ರ ಬಡ್ಡಿ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ಸಾಲ ಕೊಡುವಾಗ ಎಲ್ಲ ಖರ್ಚೂ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆ ಎಂದು ಬರೆದ ಒಂದು ಹಾಳೆಯನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಹಾಳೆ ಕೇಳಿ ತೆಗೆದುಕೊಳ್ಳಿ. ಹಸು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ವಿಸ್ತರಣೆಯಾಗಿದೆ. ಅದನ್ನು ಬ್ಯಾಂಕಿನಲ್ಲಿ ವಿಚಾರಿಸದೆ ಮನೆ ಬಾಗಿಲಿಗೆ ಬಂದ ಸಾಲಕ್ಕೆ ಕೈ ಚಾಚುವವರೇ ನಮ್ಮಲ್ಲಿ ಹೆಚ್ಚು. ಹೆಣ್ಣುಮಕ್ಕಳನ್ನು ಆಗಲೇ ಹೊಗಳಿದೆ, ಆದರೆ ಒಂದರ ಕಂತು ಕಟ್ಟಲು ಇನ್ನೊಂದು ಎಂದು ನಾಲ್ಕು ಕಡೆ ಕಿರುಸಾಲ ಮಾಡಿಕೊಂಡ ಮನೆಗಳೂ ಇವೆ. ಬಲವಂತದ ವಸೂಲಿ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಫೋನಿನಲ್ಲಿ ಬರುವ ಸಲಹೆಗೆ ನನ್ನ ಹತ್ತಿರ ಒಂದೇ ಮಾತಿದೆ, ನಾವು ಕೇಳದೆ ತಾನಾಗಿ ಬಂದ ಸಲಹೆಯನ್ನು ನಂಬಬೇಡಿ. ಓಟಿಪಿ ಹೇಳಿ ದುಡ್ಡು ಹೋಗಿಬಿಟ್ಟರೆ ಅಳುತ್ತ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಕಷ್ಟ. ಬ್ಯಾಂಕಿನವರು ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448 ಇದೆ.

ಕಳೆದ ತಿಂಗಳು ಆಡಳಿತ ಮಂಡಳಿಯಲ್ಲಿ ನಾನೊಂದು ವಿಷಯ ಇಟ್ಟೆ. ಬಟವಾಡೆ ದಿನ ಸಾಯಂಕಾಲ ಹಾಲು ಹಾಕಿದ ಮೇಲೆ ಒಂದು ಗಂಟೆ ನಮ್ಮ ಡೈರಿಯ ಕೊಠಡಿ ತೆರೆದಿರಲಿ. ಯಾರು ಬೇಕಾದರೂ ಕಾಗದ ತರಲಿ, ಪಾಲಿಸಿಯೋ ಸಾಲದ ಪತ್ರವೋ ಪಾಸ್‌ಬುಕ್ಕೋ. ದುಡ್ಡು ಎಷ್ಟಿದೆ ಎಂದು ಯಾರೂ ಹೇಳಬೇಕಾಗಿಲ್ಲ. ನಾಲ್ಕು ಜನ ಕುಳಿತು ಓದೋಣ, ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆದುಕೊಂಡು ಬ್ಯಾಂಕಿನಲ್ಲಿ ಕೇಳಿ ಬರೋಣ. ಆ ಕೊಠಡಿಯಲ್ಲಿ ಯಾರೂ ಏನನ್ನೂ ಮಾರುವಂತಿಲ್ಲ, ನಿರ್ದೇಶಕರೂ ಸೇರಿ. ನಮ್ಮ ಮಂಡಳಿಯಲ್ಲಿ ವಿಮೆಯ ಏಜೆಂಟರೊಬ್ಬರು ಇದ್ದಾರೆ. ಅವರು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ನನಗಿತ್ತು. "ನಾನು ಬರ್ತೀನಿ, ಆದ್ರೆ ಬಂದ ತಕ್ಷಣ ನಾನು ಏಜೆಂಟ್ ಅಂತ ಹೇಳಿಯೇ ಕೂತ್ಕೋತೀನಿ" ಎಂದರು. ಅವರಿಗೆ ನನ್ನ ವಂದನೆಗಳು. ಬ್ಯಾಂಕಿನ ಹಿರಿಯರೂ ಆಗಾಗ ಬರಲು ಒಪ್ಪಿದ್ದಾರೆ.

ಚಿಕ್ಕವ್ವನ ವಿಷಯ ಹೇಳದೆ ಇಳಿದರೆ ತಾವು ನನ್ನನ್ನು ಬಿಡುವುದಿಲ್ಲ. ಮಗಳ ಮದುವೆ ಆಯಿತು, ಸಾಲ ಮಾಡಿಯೇ ಆಯಿತು. ಆ ಸಾಲ ತೀರಿಸಲು ಒಂದು ಹಸುವಿನಿಂದ ಮತ್ತೆ ಹಾಲು ಹಾಕಲು ಶುರುಮಾಡಿ ಆರು ವರ್ಷ ತೆಗೆದುಕೊಂಡರು. ನನ್ನ ಕೈಲಾದಷ್ಟು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಈ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕಿ ಕೈಯಲ್ಲಿ ಸ್ವಲ್ಪ ನಿಂತಿತ್ತು. ಮತ್ತೆ ಅದೇ ಕಂಬದ ಪಕ್ಕ ನಿಂತು ಕರೆದರು. "ಎಲ್ಲಿ ಮಡಗ್ಲಪ್ಪ ಇದ್ನ?"

"ನಂಗೆ ಗೊತ್ತಿಲ್ಲ ಚಿಕ್ಕವ್ವ" ಎಂದೆ. "ನಾಳೆ ಇಬ್ರೂ ಹೋಗಿ ಕೇಳ್ಕೊಂಡು ಬರವಾ."

ಮಾರನೆಯ ದಿನ ಬ್ಯಾಂಕಿಗೂ ಹೋದೆವು, ಪೋಸ್ಟಾಫೀಸಿಗೂ ಹೋದೆವು. ಪೋಸ್ಟಾಫೀಸಿನಲ್ಲಿ ಮಾಸ್ತರು ಎಲ್ಲ ವಿವರಿಸಿದ ಮೇಲೆ ಚಿಕ್ಕವ್ವ ಸೆರಗು ಸರಿಮಾಡಿಕೊಂಡು, "ಸ್ವಾಮಿ, ನಾನು ಇಲ್ಲಿ ಕಟ್ಟುದ್ರೆ ನಿಮ್ಗೆ ಎಷ್ಟು ಸಿಕ್ತದೆ?" ಎಂದು ಕೇಳಿದರು. ಮಾಸ್ತರು ನಕ್ಕುಬಿಟ್ಟರು. "ನನಗೇನೂ ಸಿಗಲ್ಲಮ್ಮ, ಸಂಬಳ ಬರುತ್ತೆ ಅಷ್ಟೆ" ಎಂದರು. "ನಡುವೆ ಬೇಕು ಅಂದ್ರೆ ಯಾವಾಗ ಕೊಡ್ತೀರಿ, ಎಷ್ಟು ಮುರ್ಕೋತೀರಿ, ಅದ್ನೂ ಹೇಳ್ಬುಡಿ" ಎಂದರು ಇವರು. ಅದನ್ನೂ ಹೇಳಿದರು. ಚಿಕ್ಕವ್ವ ಅಂದು ಅಲ್ಲಿ ದುಡ್ಡು ಕಟ್ಟಲಿಲ್ಲ. ಇನ್ನೆರಡು ದಿನ ಯೋಚನೆ ಮಾಡಿ ಬರುತ್ತೇನೆ ಎಂದು ಹೇಳಿ ಎದ್ದು ಬಂದರು.

ಬರುವ ಬಟವಾಡೆ ದಿನ ಸಾಯಂಕಾಲ ಕೊಠಡಿಯ ಬಾಗಿಲು ತೆಗೆದಿರುತ್ತದೆ. ಕಾಗದ ತನ್ನಿ, ಕನ್ನಡಕ ಇರುವವರು ಕನ್ನಡಕವನ್ನೂ ತನ್ನಿ.